ಹೊರಗಿನ ಡಿಸ್ಕಿಗೆ ಇನ್ನೊಂದು ಓಎಸ್: ನೀವು ಕೇಳಿದ್ದು, ನಾವು ಹೇಳಿದ್ದು

ಕಂಪ್ಯೂಟರಿನ ಒಳಗಿನ ಡಿಸ್ಕನ್ನು ಮುಟ್ಟದೆ, ಯುಎಸ್‌ಬಿಗೆ ಸಿಕ್ಕಿಸುವ ಹಾರ್ಡ್ ಡಿಸ್ಕಿಗೆ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಹಾಕಿಕೊಳ್ಳಬಹುದಾ ಅಂತ ಕೇಳಿದ ಪತ್ರಗಳೇ ಈ ಸಲ ಜಾಸ್ತಿ. ಕಾರಣ ಊಹಿಸುವುದು ಕಷ್ಟವಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು, ವಿಂಡೋಸ್ 11 ಹಾಕೋಣ ಅಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು ಅನ್ನುತ್ತದೆ, ಹಳೆಯ ಎಷ್ಟೋ ಯಂತ್ರಗಳಲ್ಲಿ ಅದಿಲ್ಲ. ಹಾಗಾಗಿ ಉಚಿತವಾಗಿ ಸಿಗುವ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಹೇಗಿದೆ ನೋಡೋಣ ಅನ್ನುವವರು ಹೆಚ್ಚಾಗಿದ್ದಾರೆ, ಆದರೆ ಇರುವುದನ್ನು ಅಳಿಸಲು ಧೈರ್ಯ ಇಲ್ಲ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಸರ್, ಮನೆಯಲ್ಲಿರುವುದು ಒಂದೇ ಲ್ಯಾಪ್‌ಟಾಪ್, ವಿಂಡೋಸ್ ಇದೆ, ಎಲ್ಲರೂ ಬಳಸುತ್ತಾರೆ. ಅದಕ್ಕೆ ಕೈ ಹಚ್ಚದೆ ಲಿನಕ್ಸ್ ಕಲಿಯಬೇಕು. ನನ್ನ ಹತ್ತಿರ 1 ಟಿಬಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಇದೆ, ಅರ್ಧ ಫೋಟೋ ತುಂಬಿದೆ. ಉಳಿದ ಅರ್ಧಕ್ಕೆ ಲಿನಕ್ಸ್ ಹಾಕಬಹುದಾ? ಫೋಟೋ ಹೋಗಿಬಿಡುತ್ತಾ?

ಹಾಕಬಹುದು. ಫೋಟೋ ಉಳಿಸಿಕೊಂಡೂ ಹಾಕಬಹುದು, ಆದರೆ ಮೊದಲು ಆ ಡಿಸ್ಕ್ ಯಾವ ಫಾರ್ಮ್ಯಾಟಿನಲ್ಲಿದೆ ನೋಡಿ. ವಿಂಡೋಸ್‌ನಲ್ಲಿ ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆದರೆ ಗೊತ್ತಾಗುತ್ತದೆ. ಎನ್‌ಟಿಎಫ್‌ಎಸ್ ಅಂತ ಇದ್ದರೆ ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ಶ್ರಿಂಕ್ ವಾಲ್ಯೂಮ್ ಒತ್ತಿ ಜಾಗ ಬಿಡಿಸಿಕೊಳ್ಳಬಹುದು. ಎಕ್ಸ್‌ಫ್ಯಾಟ್ ಅಂತ ಇದ್ದರೆ ಆಗುವುದಿಲ್ಲ. ಆ ಫಾರ್ಮ್ಯಾಟನ್ನು ಕುಗ್ಗಿಸಲು ವಿಂಡೋಸಿಗೂ ಬರುವುದಿಲ್ಲ, ಲಿನಕ್ಸಿನಲ್ಲಿ ಡಿಸ್ಕನ್ನು ಭಾಗ ಮಾಡುವ ಜಿಪಾರ್ಟೆಡ್ ಸಾಫ್ಟ್‌ವೇರಿಗೂ ಬರುವುದಿಲ್ಲ. ಆಗ ಫೋಟೋಗಳನ್ನೆಲ್ಲ ಬೇರೆ ಕಡೆ ಇಟ್ಟು, ಡಿಸ್ಕನ್ನು ಹೊಸದಾಗಿ ಪಾರ್ಟಿಷನ್ ಮಾಡಿ (ಅಂದರೆ ಭಾಗಗಳಾಗಿ ಹಂಚಿ), ಮತ್ತೆ ತಂದು ತುಂಬುವುದೊಂದೇ ದಾರಿ.

ನಿಜ ಹೇಳಬೇಕೆಂದರೆ ಎನ್‌ಟಿಎಫ್‌ಎಸ್ ಇದ್ದರೂ ಫೋಟೋಗಳ ಇನ್ನೊಂದು ಪ್ರತಿ ಬೇರೆಡೆ ಇರಲೇಬೇಕು. ಪಾರ್ಟಿಷನ್ ಕುಗ್ಗಿಸುವಾಗ ಕರೆಂಟ್ ಹೋದರೆ, ಕೇಬಲ್ ಅಲುಗಾಡಿದರೆ ಎಲ್ಲ ಮುಗಿಯಿತು. ಮನೆಮಂದಿಯ ಫೋಟೋ ಇರುವ ಒಂದೇ ಒಂದು ಡಿಸ್ಕಿನ ಮೇಲೆ ಪ್ರಯೋಗ ಮಾಡಬೇಡಿ. ಇದರಲ್ಲಿ ನಾನು ಸ್ವಲ್ಪ ಹಠಮಾರಿ.

ಇನ್ನೊಂದು ವಿಷಯ, ನೀವು ಕೇಳದೆ ಇದ್ದದ್ದು. ನಿಮ್ಮದು ತಿರುಗುವ ಹಾರ್ಡ್ ಡಿಸ್ಕ್ ಆದರೆ ಲಿನಕ್ಸ್ ಓಡುತ್ತದೆ, ಆದರೆ ತೆವಳುತ್ತದೆ. ಇಂಥ ಡಿಸ್ಕುಗಳು ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತವೆ, ಅಂದರೆ ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡ್. ಸಿನಿಮಾ ಕಾಪಿ ಮಾಡುವಾಗ ಇದು ತೊಂದರೆ ಅನ್ನಿಸುವುದಿಲ್ಲ, ಯಾಕೆಂದರೆ ಆ ಫೈಲ್ ಸಾಲಾಗಿ ಬರುತ್ತದೆ. ಆಪರೇಟಿಂಗ್ ಸಿಸ್ಟಮ್ ಹಾಗಲ್ಲ, ಸಾವಿರಾರು ಚಿಕ್ಕ ಚಿಕ್ಕ ಫೈಲುಗಳನ್ನು ಅಲ್ಲೊಂದು ಇಲ್ಲೊಂದು ಹುಡುಕಿ ಓದುತ್ತದೆ, ಪ್ರತಿ ಸಲವೂ ಡಿಸ್ಕಿನ ಮುಳ್ಳು ಸರಿಯಬೇಕು, ತಟ್ಟೆ ತಿರುಗಬೇಕು, ಹಾಗಾಗಿ ಸೆಕೆಂಡಿಗೆ ನೂರು ಸಲ ಓದುವುದೂ ಅದಕ್ಕೆ ಕಷ್ಟ. ಎಸ್‌ಎಸ್‌ಡಿಗೆ ತಿರುಗುವ ಭಾಗವೇ ಇಲ್ಲ, ಅದು ಸಾವಿರಗಟ್ಟಲೆ ಸಲ ಓದುತ್ತದೆ. ಬ್ರೌಸರ್ ತೆರೆಯಲು ಕಾಯುವುದು ನಿಮಗೆ ಬೇಜಾರಾದರೆ ಲಿನಕ್ಸಿನ ಮೇಲೆ ತಪ್ಪು ಹೊರಿಸಬೇಡಿ, ಚಿಕ್ಕದೊಂದು ಎಸ್‌ಎಸ್‌ಡಿ ತಗೊಳ್ಳಿ. 120 ಜಿಬಿಯದು ಧಾರಾಳವಾಗಿ ಸಾಕು. ಲಿನಕ್ಸಿನಲ್ಲಿ ಹಲವು ಬಗೆಗಳಿವೆ. ಅದರಲ್ಲಿ ಮಿಂಟ್ ಕನಿಷ್ಠ 20 ಜಿಬಿ ಕೇಳುತ್ತದೆ, 100 ಇದ್ದರೆ ಒಳ್ಳೆಯದು ಅನ್ನುತ್ತದೆ. ಉಬಂಟು 24.04ಕ್ಕೆ 25 ಜಿಬಿ ಬೇಕು. ಹೀಗೆ ಮಾಡಿದರೆ ಫೋಟೋ ಡಿಸ್ಕಿನ ತಂಟೆಯೇ ಇರುವುದಿಲ್ಲ.

ಸಿಕ್ಕಿಸುವ ಪೋರ್ಟನ್ನೂ ನೋಡಿ. ಯುಎಸ್‌ಬಿ 2.0 ಆದರೆ ಕಾಗದದ ಮೇಲೆ 480 ಮೆಗಾಬಿಟ್, ಕೈಗೆ ಬರುವುದು ಸೆಕೆಂಡಿಗೆ ಮೂವತ್ತು ನಲವತ್ತು ಎಂಬಿ. ಯುಎಸ್‌ಬಿ 3ರಲ್ಲಿ 5 ಗಿಗಾಬಿಟ್ ಅಥವಾ ಅದಕ್ಕಿಂತ ಜಾಸ್ತಿ. ಹಬ್ ಮೂಲಕ ಬೇಡ, ನೇರವಾಗಿ ಯಂತ್ರಕ್ಕೇ ಸಿಕ್ಕಿಸಿ.

ಪ್ರಶ್ನೆ: ಪೆನ್‌ಡ್ರೈವಿನಿಂದಲೇ ಉಬಂಟು ಓಡಿಸಿ ನೋಡಿದೆ, ಚೆನ್ನಾಗಿತ್ತು. ಆದರೆ ಆಫ್ ಮಾಡಿ ಆನ್ ಮಾಡಿದಾಗ ನಾನು ಮಾಡಿದ್ದೆಲ್ಲ ಮಾಯ. ಇನ್‌ಸ್ಟಾಲ್ ಆಗಲಿಲ್ಲವಾ?

ಆಗಲಿಲ್ಲ. ನೀವು ನೋಡಿದ್ದು ಲೈವ್ ಆವೃತ್ತಿ, ಅದು ಮೆಮೊರಿಯಲ್ಲಿ ಓಡಿ ಆಫ್ ಮಾಡಿದಾಗ ಎಲ್ಲವನ್ನೂ ಮರೆಯುತ್ತದೆ. ರುಚಿ ನೋಡುವುದಕ್ಕೆ, ವೈಫೈ ಸೌಂಡ್ ಕೆಲಸ ಮಾಡುತ್ತದಾ ಅಂತ ಪರೀಕ್ಷಿಸುವುದಕ್ಕೆ ಅದು ಒಳ್ಳೆಯದು. ಪರ್ಸಿಸ್ಟೆನ್ಸ್ ಅಂತ ಒಂದು ಸೌಲಭ್ಯ ಇದೆ, ರೂಫಸ್ ಎಂಬ ಸಾಫ್ಟ್‌ವೇರಿನಲ್ಲಿ ಪೆನ್‌ಡ್ರೈವ್ ತಯಾರಿಸುವಾಗ ಸ್ವಲ್ಪ ಜಾಗ ಅದಕ್ಕೆ ಬಿಟ್ಟರೆ ಫೈಲು, ಸೆಟಿಂಗ್ ಉಳಿಯುತ್ತವೆ. ಆದರೂ ಅದು ಅರ್ಧಂಬರ್ಧ ವ್ಯವಸ್ಥೆ, ಕರ್ನಲ್ (ಲಿನಕ್ಸಿನ ತಿರುಳು) ಅಪ್‌ಡೇಟ್ ಸರಿಯಾಗಿ ಕೂರುವುದಿಲ್ಲ. ದಿನಾ ಬಳಸುವುದಾದರೆ ಪೂರ್ತಿ ಇನ್‌ಸ್ಟಾಲ್ ಮಾಡಿ. ಅದನ್ನೂ ಮಾಮೂಲಿ ಪೆನ್‌ಡ್ರೈವಿಗೆ ಮಾಡಬೇಡಿ, ಚಿಕ್ಕ ಚಿಕ್ಕದಾಗಿ ಬರೆಯುವುದರಲ್ಲಿ ಅವು ಬಹಳ ನಿಧಾನ, ಬೇಗ ಸವೆಯುತ್ತವೆ ಕೂಡ.

ಪ್ರಶ್ನೆ: ಇನ್‌ಸ್ಟಾಲ್ ಮಾಡುವಾಗ ತಪ್ಪಿ ಒಳಗಿನ ಡಿಸ್ಕ್ ಅಳಿಸಿಬಿಟ್ಟರೆ ಅನ್ನೋ ಭಯಕ್ಕೆ ಇನ್ನೂ ಶುರುವೇ ಮಾಡಿಲ್ಲ. ದಯವಿಟ್ಟು ಮೊದಲಿಂದ ಹೇಳಿ.

ಭಯ ಇರುವುದು ಒಳ್ಳೆಯದೇ. ಎರಡು ಅಪಾಯಗಳಿವೆ. ತಪ್ಪು ಡಿಸ್ಕ್ ಆರಿಸುವುದು ಎಲ್ಲರಿಗೂ ಗೊತ್ತಿರುವ ಅಪಾಯ. ಇನ್ನೊಂದು, ಸರಿಯಾದ ಡಿಸ್ಕನ್ನೇ ಆರಿಸಿದರೂ ಬೂಟ್ ಲೋಡರ್ (ಯಂತ್ರ ಆನ್ ಆದಾಗ ಆಪರೇಟಿಂಗ್ ಸಿಸ್ಟಮನ್ನು ಎಬ್ಬಿಸುವ ಚಿಕ್ಕ ಪ್ರೋಗ್ರಾಮ್) ತಪ್ಪು ಡಿಸ್ಕಿಗೆ ಹೋಗಿ ಕೂರುವುದು. ಹೆಚ್ಚು ಜನ ಬೀಳುವುದು ಈ ಎರಡನೆಯದರಲ್ಲಿ.

ಬೇಕಾದ ಸಾಮಾನು: ಹೊರಗಿನ ಡಿಸ್ಕ್ ಒಂದು, ಇನ್‌ಸ್ಟಾಲರ್ ಇಡುವ 8 ಜಿಬಿಯ ಪೆನ್‌ಡ್ರೈವ್ ಒಂದು. ಇವೆರಡೂ ಬೇರೆ ಬೇರೆ, ಎಷ್ಟೋ ಜನ ಇದನ್ನೇ ಒಂದಕ್ಕೊಂದು ಸೇರಿಸಿ ಗೊಂದಲ ಮಾಡಿಕೊಳ್ಳುತ್ತಾರೆ. ಐಎಸ್‌ಓ ಫೈಲನ್ನು (ಇನ್‌ಸ್ಟಾಲರ್ ಪೂರ್ತಿ ಇರುವ ಫೈಲು) ಆಯಾ ಲಿನಕ್ಸಿನ ಅಧಿಕೃತ ತಾಣದಿಂದಲೇ ಇಳಿಸಿಕೊಂಡು ರೂಫಸ್ ಅಥವಾ ಎಚರ್‌ನಿಂದ ಪೆನ್‌ಡ್ರೈವಿಗೆ ಬರೆಯಿರಿ. ಪೆನ್‌ಡ್ರೈವಿನಲ್ಲಿದ್ದದ್ದು ಅಳಿಸಿಹೋಗುತ್ತದೆ.

ಶುರು ಮಾಡುವ ಮೊದಲು ವಿಂಡೋಸ್‌ನಲ್ಲಿ ಎರಡು ಕೆಲಸ. ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ, ಅದು ಆನ್ ಇದ್ದರೆ ಶಟ್‌ಡೌನ್ ಒತ್ತಿದಾಗಲೂ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ಆಮೇಲೆ ಲಿನಕ್ಸಿನಿಂದ ಒಳಗಿನ ಡ್ರೈವಿಗೆ ಬರೆಯಲು ಹೋದರೆ ಓದಬಹುದು, ಬರೆಯುವ ಹಾಗಿಲ್ಲ ಅನ್ನುತ್ತದೆ. ಎರಡನೆಯದು ಬಿಟ್‌ಲಾಕರ್, ಅಂದರೆ ಡ್ರೈವನ್ನು ಎನ್‌ಕ್ರಿಪ್ಟ್ ಮಾಡಿ ಬೀಗ ಹಾಕುವ ವಿಂಡೋಸಿನ ವ್ಯವಸ್ಥೆ, ಅದರ ರಿಕವರಿ ಕೀ ಬರೆದಿಟ್ಟುಕೊಂಡು ತಾತ್ಕಾಲಿಕವಾಗಿ ಸಸ್ಪೆಂಡ್ ಮಾಡಿ. ಇದರ ಬಗ್ಗೆ ಬೇರೆ ಪ್ರಶ್ನೆಯೇ ಇದೆ, ಕೆಳಗೆ ನೋಡಿ.

ಈಗ ಪೆನ್‌ಡ್ರೈವಿನಿಂದ ಬೂಟ್ ಮಾಡಬೇಕು. ಯಂತ್ರ ಆನ್ ಆಗುವಾಗ ಡೆಲ್, ಲೆನೊವೊಗಳಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸಸ್ ಲ್ಯಾಪ್‌ಟಾಪಿನಲ್ಲಿ ಎಸ್ಕೇಪ್ ಒತ್ತಿದರೆ ಸಾಮಾನ್ಯವಾಗಿ ಬೂಟ್ ಮೆನು ಬರುತ್ತದೆ. ಏಸರ್‌ನಲ್ಲೂ ಎಫ್12ನೇ, ಆದರೆ ಕೆಲವು ಮಾಡೆಲ್‌ಗಳಲ್ಲಿ ಮೊದಲು ಬಯೋಸ್‌ಗೆ (ಯಂತ್ರದ ಮೂಲ ಸೆಟಿಂಗ್‌ಗಳಿರುವ ಕಡೆ) ಹೋಗಿ ಆ ಮೆನುವನ್ನು ಆನ್ ಮಾಡಬೇಕು. ಸೆಕ್ಯೂರ್ ಬೂಟ್ (ಸಹಿ ಇಲ್ಲದ ಬೂಟ್ ಲೋಡರನ್ನು ತಡೆಯುವ ವ್ಯವಸ್ಥೆ) ಆಫ್ ಮಾಡಿ ಅಂತ ಹಳೆಯ ಲೇಖನಗಳೆಲ್ಲ ಹೇಳುತ್ತವೆ, ಉಬಂಟು, ಮಿಂಟ್, ಫೆಡೋರಾ, ಡೆಬಿಯನ್‌ಗಳಿಗೆ ಅದರ ಅಗತ್ಯ ಇಲ್ಲ. ಸುಮ್ನೆ ಆಫ್ ಮಾಡಬೇಡಿ.

ಈಗ ಮುಖ್ಯ ಭಾಗ. ಯುಇಎಫ್‌ಐ (ಬಯೋಸಿನ ಹೊಸ ರೂಪ) ಇರುವ ಯಂತ್ರಗಳಲ್ಲಿ ಡಿಸ್ಕಿನ ಒಂದು ಚಿಕ್ಕ ಫ್ಯಾಟ್32 ಪಾರ್ಟಿಷನ್ನಿನಲ್ಲಿ ಬೂಟ್ ಲೋಡರ್ ಇರುತ್ತದೆ, ಅದಕ್ಕೆ ಇಎಫ್‌ಐ ಪಾರ್ಟಿಷನ್ ಅಂತಾರೆ. ವಿಂಡೋಸಿನದು ಒಳಗಿನ ಡಿಸ್ಕಿನಲ್ಲಿ ಸಾಮಾನ್ಯವಾಗಿ 100 ಅಥವಾ 260 ಎಂಬಿ ಇರುತ್ತದೆ. ಉಬಂಟು ವರ್ಷಗಟ್ಟಲೆ ಬಳಸಿದ, ಮಿಂಟ್ 22ರಲ್ಲೂ ಉಳಿದಿರುವ ಯುಬಿಕ್ವಿಟಿ ಎಂಬ ಇನ್‌ಸ್ಟಾಲರಿನ ಕೆಟ್ಟ ಅಭ್ಯಾಸ ಏನೆಂದರೆ, ಬೂಟ್ ಲೋಡರ್ ಹೊರಗಿನ ಡಿಸ್ಕಿಗೆ ಹಾಕು ಅಂತ ನೀವು ಸ್ಪಷ್ಟವಾಗಿ ಆರಿಸಿದ್ದರೂ ಅದು ಕೇಳಿಸಿಕೊಳ್ಳದೆ ಒಳಗಿನ ಡಿಸ್ಕಿನ ಇಎಫ್‌ಐ ಪಾರ್ಟಿಷನ್ ಕಂಡರೆ ಅಲ್ಲಿಗೇ ತುಂಬುತ್ತದೆ. ಆಯ್ಕೆಯ ಪೆಟ್ಟಿಗೆ ಪರದೆ ಮೇಲೆ ಇರುತ್ತದೆ, ಕೆಲಸ ಮಾತ್ರ ಮಾಡುವುದಿಲ್ಲ. ಇಂಥದ್ದನ್ನು ಇಷ್ಟು ವರ್ಷ ಹಾಗೇ ಬಿಟ್ಟಿದ್ದಕ್ಕೆ ನನಗೆ ಇವತ್ತಿಗೂ ಸಿಟ್ಟಿದೆ.

ತಪ್ಪಿಸಲು ಮೂರು ದಾರಿ. ಡೆಸ್ಕ್‌ಟಾಪ್ ಆದರೆ ಕಂಪ್ಯೂಟರ್ ಆಫ್ ಮಾಡಿ ಒಳಗಿನ ಡಿಸ್ಕಿನ ಕೇಬಲ್ ಕಿತ್ತು ಪಕ್ಕಕ್ಕಿಡಿ, ಮುಗಿದ ಮೇಲೆ ಮತ್ತೆ ಸಿಕ್ಕಿಸಿ. ಇದಕ್ಕಿಂತ ನಿಶ್ಚಿಂತೆಯ ದಾರಿ ಇಲ್ಲ, ಯಾಕೆಂದರೆ ಕಾಣದ ಡಿಸ್ಕನ್ನು ಯಾರೂ ಅಳಿಸಲಾರರು. ಕೆಲವು ಲ್ಯಾಪ್‌ಟಾಪುಗಳ ಬಯೋಸ್‌ನಲ್ಲಿ ಒಳಗಿನ ಡ್ರೈವನ್ನೇ ಆಫ್ ಮಾಡುವ ಆಯ್ಕೆ ಇರುತ್ತದೆ, ಇದ್ದರೆ ಅದನ್ನು ಬಳಸಿ. ಅದೂ ಇಲ್ಲದಿದ್ದರೆ ಪೆನ್‌ಡ್ರೈವಿನ ಲೈವ್ ಆವೃತ್ತಿಯಲ್ಲಿ ಜಿಪಾರ್ಟೆಡ್ ತೆರೆದು, ಒಳಗಿನ ಡಿಸ್ಕಿನ ಆ ಚಿಕ್ಕ ಇಎಫ್‌ಐ ಪಾರ್ಟಿಷನ್ ಮೇಲೆ ರೈಟ್ ಕ್ಲಿಕ್ ಮಾಡಿ, ಮ್ಯಾನೇಜ್ ಫ್ಲ್ಯಾಗ್ಸ್‌ನಲ್ಲಿ ಬೂಟ್, ಇಎಸ್‌ಪಿ ಎಂಬ ಗುರುತುಗಳನ್ನು ತೆಗೆಯಿರಿ. ಇನ್‌ಸ್ಟಾಲರಿಗೆ ಅದು ಇಎಫ್‌ಐ ಪಾರ್ಟಿಷನ್ ಅಂತ ಗೊತ್ತಾಗುವುದಿಲ್ಲ, ಹೊರಗಿನದನ್ನೇ ಬಳಸುತ್ತದೆ. ಇನ್‌ಸ್ಟಾಲ್ ಮುಗಿದ ಮೇಲೆ, ರೀಸ್ಟಾರ್ಟ್ ಮಾಡುವ ಮೊದಲೇ, ಅವೇ ಗುರುತುಗಳನ್ನು ವಾಪಸ್ ಹಾಕಬೇಕು. ಒಂದು ಚೀಟಿಯಲ್ಲಿ ಬರೆದು ಪರದೆಗೆ ಅಂಟಿಸಿಕೊಳ್ಳಿ ಬೇಕಾದರೆ.

ಆಮೇಲೆ ಪಾರ್ಟಿಷನ್. ಮಿಂಟ್‌ನಲ್ಲಿ ಸಂಥಿಂಗ್ ಎಲ್ಸ್, ಉಬಂಟುವಿನ ಹೊಸ ಇನ್‌ಸ್ಟಾಲರಿನಲ್ಲಿ ಮ್ಯಾನ್ಯುಯಲ್ ಅನ್ನುವುದನ್ನು ಆರಿಸಿ. ಪಟ್ಟಿಯಲ್ಲಿ ಮೂರು ಡಿಸ್ಕ್ ಕಾಣಬಹುದು: ಒಳಗಿನದು, ಹೊರಗಿನದು, ಇನ್‌ಸ್ಟಾಲರಿನ ಪೆನ್‌ಡ್ರೈವ್. ಎಸ್‌ಡಿಎ, ಎಸ್‌ಡಿಬಿ ಅನ್ನುವ ಹೆಸರನ್ನು ನಂಬಬೇಡಿ, ಅವು ಒಂದೊಂದು ಸಲ ಒಂದೊಂದು ಡಿಸ್ಕಿಗೆ ಬರುತ್ತವೆ. ಗಾತ್ರ ಮತ್ತು ಕಂಪನಿ ಹೆಸರು ನೋಡಿ ಗುರುತಿಸಿ. ಎರಡೂ ಡಿಸ್ಕು ಒಂದೇ ಗಾತ್ರ ಇದ್ದರೆ ಹೊರಗಿನದನ್ನು ಕಿತ್ತು ಪಟ್ಟಿ ನೋಡಿ, ಯಾವುದು ಮಾಯವಾಯಿತೋ ಅದು.

ಹೊರಗಿನ ಡಿಸ್ಕ್ ಪೂರ್ತಿ ಖಾಲಿ ಅಂದುಕೊಂಡರೆ ಅದಕ್ಕೆ ಜಿಪಿಟಿ ಪಾರ್ಟಿಷನ್ ಟೇಬಲ್ ಹಾಕಿ. ಮೊದಲು 512 ಎಂಬಿಯ ಇಎಫ್‌ಐ ಪಾರ್ಟಿಷನ್, ಆಮೇಲೆ 60ರಿಂದ 100 ಜಿಬಿ ಎಕ್ಸ್‌ಟಿ4 (ಲಿನಕ್ಸಿನ ಸ್ವಂತ ಫಾರ್ಮ್ಯಾಟ್), ಅದಕ್ಕೆ ಮೌಂಟ್ ಪಾಯಿಂಟ್ ಸ್ಲ್ಯಾಶ್ (/). ಉಳಿದ ಜಾಗವನ್ನು ಎಕ್ಸ್‌ಫ್ಯಾಟ್ ಮಾಡಿಟ್ಟರೆ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓದಬಹುದು, ಬರೆಯಬಹುದು. 2020ರಲ್ಲಿ ಬಂದ 5.7ನೇ ಕರ್ನಲ್‌ನಿಂದ ಲಿನಕ್ಸಿನಲ್ಲೇ ಅದಕ್ಕೆ ಒಳ್ಳೆಯ ಡ್ರೈವರ್ ಇದೆ. ಸ್ವಾಪ್‌ಗೆ (ಮೆಮೊರಿ ಸಾಲದಾಗ ಬಳಸುವ ಡಿಸ್ಕಿನ ಜಾಗ) ಬೇರೆ ಪಾರ್ಟಿಷನ್ ಬೇಕಿಲ್ಲ. ಕೆಳಗಡೆ ಬೂಟ್ ಲೋಡರ್ ಎಲ್ಲಿಗೆ ಅಂತ ಕೇಳುವಲ್ಲಿ ಹೊರಗಿನ ಡಿಸ್ಕನ್ನೇ ಆರಿಸಿ. ಇನ್‌ಸ್ಟಾಲ್ ಬಟನ್ ಒತ್ತಿದಾಗ ಯಾವ ಡಿಸ್ಕಿನಲ್ಲಿ ಏನೇನು ಬದಲಾಗುತ್ತದೆ ಅನ್ನುವ ಪಟ್ಟಿಯೊಂದು ಬರುತ್ತದೆ, ಎಲ್ಲರೂ ಓದದೆ ಓಕೆ ಒತ್ತುವುದು ಅದನ್ನೇ. ಅದರಲ್ಲಿ ಒಳಗಿನ ಡಿಸ್ಕಿನ ಹೆಸರಿದ್ದರೆ ಹಿಂದೆ ಹೋಗಿ.

ಪ್ರಶ್ನೆ: ಎಲ್ಲ ಸರಿಯಾಗಿ ಇನ್‌ಸ್ಟಾಲ್ ಆಯ್ತು, ಎರಡೂ ಓಡುತ್ತಿತ್ತು. ನಿನ್ನೆ ಹಾರ್ಡ್ ಡಿಸ್ಕ್ ತೆಗೆದು ಆನ್ ಮಾಡಿದರೆ ಕಪ್ಪು ಪರದೆ, ಮೇಲೆ ಗ್ರಬ್ ಅಂತ ಬರೆದಿದೆ, ಅಷ್ಟೆ. ವಿಂಡೋಸ್ ಹೋಯ್ತಾ? ಅಪ್ಪನ ಲ್ಯಾಪ್‌ಟಾಪ್ ಸರ್, ಬೇಗ ಹೇಳಿ.

ವಿಂಡೋಸ್ ಎಲ್ಲಿಗೂ ಹೋಗಿಲ್ಲ, ಅಪ್ಪನ ಫೈಲುಗಳೂ ಹಾಗೇ ಇವೆ. ಮೇಲಿನ ಉತ್ತರದಲ್ಲಿ ಹೇಳಿದ ತೊಂದರೆಗೆ ಸಿಕ್ಕಿದ್ದೀರಿ. ಲಿನಕ್ಸ್ ಹೊರಗಿನ ಡಿಸ್ಕಿನಲ್ಲಿದೆ, ಅದನ್ನು ಎಬ್ಬಿಸುವ ಗ್ರಬ್ ಮಾತ್ರ ಒಳಗಿನ ಡಿಸ್ಕಿನಲ್ಲಿ ಕೂತಿದೆ. ಮನೆ ಒಂದು ಊರಲ್ಲಿ, ಬೀಗದ ಕೈ ಇನ್ನೊಂದು ಊರಲ್ಲಿ. ಒಳಗಿನ ಇಎಫ್‌ಐ ಪಾರ್ಟಿಷನ್ನಿನಲ್ಲಿ ಉಬಂಟು ಅನ್ನುವ ಫೋಲ್ಡರ್ ಇದೆ, ಅದರಲ್ಲಿ ಮೂರೇ ಸಾಲಿನ ಒಂದು ಸೆಟಿಂಗ್ ಫೈಲ್, ಇಂಥ ಗುರುತಿನ ಡಿಸ್ಕ್ ಹುಡುಕು, ಉಳಿದದ್ದು ಅಲ್ಲಿದೆ ಅಂತ ಅದು ಗ್ರಬ್‌ಗೆ ಹೇಳುತ್ತದೆ. ನೀವು ಡಿಸ್ಕ್ ಕಿತ್ತಿದ್ದೀರಿ, ಹುಡುಕಿದರೆ ಸಿಗಲಿಲ್ಲ, ಅದು ಮುಂದೇನು ಮಾಡಬೇಕು ಅಂತ ನಿಮ್ಮನ್ನೇ ಕೇಳುತ್ತಾ ನಿಂತಿದೆ.

ಈಗಲೇ ಆಗಬೇಕಾದ ಕೆಲಸ: ಆ ಕಪ್ಪು ಪರದೆಯಲ್ಲಿ ಎಕ್ಸಿಟ್ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ಬಹಳ ಯಂತ್ರಗಳಲ್ಲಿ ಅಷ್ಟಕ್ಕೇ ಬೂಟ್ ಕ್ರಮದಲ್ಲಿ ಮುಂದಿನದಕ್ಕೆ ಹೋಗಿ ವಿಂಡೋಸ್ ಎದ್ದು ಬರುತ್ತದೆ. ಬರದಿದ್ದರೆ ಬೂಟ್ ಮೆನುವಿನಲ್ಲಿ ವಿಂಡೋಸ್ ಬೂಟ್ ಮ್ಯಾನೇಜರ್ ಆರಿಸಿ. ಆಮೇಲೆ ಬಯೋಸ್‌ಗೆ ಹೋಗಿ ಬೂಟ್ ಕ್ರಮದಲ್ಲಿ ಅದನ್ನೇ ಮೊದಲನೆಯದಾಗಿ ಮಾಡಿ. ಅಪ್ಪನಿಗೆ ಇಷ್ಟು ಸಾಕು.

ಪೂರ್ತಿ ಸರಿ ಮಾಡಲು ಎರಡು ದಾರಿ. ಲಿನಕ್ಸ್ ಹಾಕಿ ಸ್ವಲ್ಪ ದಿನ ಆಗಿದೆ, ಅದರಲ್ಲಿ ಮುಖ್ಯವಾದದ್ದೇನೂ ಇಲ್ಲ ಅಂದರೆ ಮೇಲೆ ಹೇಳಿದ ಕ್ರಮದಲ್ಲಿ ಮತ್ತೆ ಇನ್‌ಸ್ಟಾಲ್ ಮಾಡಿ. ಅರ್ಧ ಗಂಟೆಯ ಕೆಲಸ, ರಿಪೇರಿಗಿಂತ ಸುಲಭ. ಅದರಲ್ಲಿ ಕೆಲಸ ಮಾಡಿಟ್ಟಿದ್ದರೆ ಮಾತ್ರ ರಿಪೇರಿಗೆ ಇಳಿಯಿರಿ. ಹೊರಗಿನ ಡಿಸ್ಕಿನಲ್ಲಿ ಇಎಫ್‌ಐ ಪಾರ್ಟಿಷನ್ ಇದೆಯಾ ನೋಡಿ, ಇಲ್ಲದಿದ್ದರೆ ಲೈವ್ ಪೆನ್‌ಡ್ರೈವಿನಿಂದ ಜಿಪಾರ್ಟೆಡ್ ಬಳಸಿ 512 ಎಂಬಿ ಬಿಡಿಸಿಕೊಂಡು ಫ್ಯಾಟ್32 ಮಾಡಿ, ಬೂಟ್, ಇಎಸ್‌ಪಿ ಗುರುತು ಹಾಕಿ. ಆಮೇಲೆ ಡಿಸ್ಕ್ ಸಿಕ್ಕಿಸಿ ನಿಮ್ಮ ಲಿನಕ್ಸಿಗೇ ಬೂಟ್ ಆಗಿ, ಎಫ್‌ಎಸ್‌ಟ್ಯಾಬ್ (/etc/fstab) ಫೈಲಿನಲ್ಲಿ ಬೂಟ್ ಇಎಫ್‌ಐ (/boot/efi) ಅನ್ನುವ ಸಾಲಿಗೆ ಈ ಹೊಸ ಪಾರ್ಟಿಷನ್ನಿನ ಯುಯುಐಡಿ (ಗುರುತಿನ ಸಂಖ್ಯೆ) ಕೊಡಿ, ಹಳೆಯದನ್ನು ಅನ್‌ಮೌಂಟ್ ಮಾಡಿ ಹೊಸದನ್ನು ಮೌಂಟ್ ಮಾಡಿ. ಕೊನೆಗೆ ಗ್ರಬ್-ಇನ್‌ಸ್ಟಾಲ್ ಕಮಾಂಡನ್ನು ರಿಮೂವಬಲ್ ಅನ್ನುವ ಆಯ್ಕೆಯ ಜೊತೆ (grub-install --removable) ಓಡಿಸಿ.

ಆ ರಿಮೂವಬಲ್ ಆಯ್ಕೆಯನ್ನು ಮರೆಯಬೇಡಿ. ಮಾಮೂಲಿ ಇನ್‌ಸ್ಟಾಲ್‌ನಲ್ಲಿ ಲೋಡರ್ ಎಲ್ಲಿದೆ ಅನ್ನುವ ವಿಳಾಸವನ್ನು ಮದರ್‌ಬೋರ್ಡಿನ ಮೆಮೊರಿಯಲ್ಲಿ ಬರೆದಿಡುತ್ತಾರೆ. ರಿಮೂವಬಲ್ ಅಂದಾಗ ಡಿಸ್ಕಿನ ಇಎಫ್‌ಐ ಪಾರ್ಟಿಷನ್ನಿನಲ್ಲೇ ಇಎಫ್‌ಐ, ಅದರೊಳಗೆ ಬೂಟ್ ಅನ್ನುವ ಫೋಲ್ಡರಿನಲ್ಲಿ ಬೂಟ್‌ಎಕ್ಸ್64 ಅನ್ನುವ ಹೆಸರಿನಲ್ಲಿ ಲೋಡರ್ ಇಡುತ್ತದೆ, ವಿಳಾಸ ಗೊತ್ತಿಲ್ಲದ ಯಂತ್ರವೂ ಹೊರಗಿನ ಡಿಸ್ಕಿನಲ್ಲಿ ಮೊದಲು ಹುಡುಕುವುದು ಅದೇ ಜಾಗವನ್ನು. ಇದಾದ ಮೇಲೆ ಬೂಟ್ ಮೆನುವಿನಲ್ಲಿ ಉಬಂಟು ಅನ್ನುವ ಹೆಸರನ್ನಲ್ಲ, ಹೊರಗಿನ ಡಿಸ್ಕಿನ ಹೆಸರನ್ನೇ ಆರಿಸಿ ಲಿನಕ್ಸ್ ಏಳುತ್ತದಾ ನೋಡಿ. ಎದ್ದರೆ ಮಾತ್ರ ಒಳಗಿನ ಇಎಫ್‌ಐ ಪಾರ್ಟಿಷನ್ನಿನಲ್ಲಿರುವ ಉಬಂಟು ಫೋಲ್ಡರನ್ನು ಅಳಿಸಿ. ಪಕ್ಕದಲ್ಲೇ ಮೈಕ್ರೋಸಾಫ್ಟ್ ಅನ್ನುವ ಫೋಲ್ಡರ್ ಇರುತ್ತದೆ, ಅದರ ತಂಟೆಗೆ ಹೋಗಬೇಡಿ.

ಪ್ರಶ್ನೆ: ಬಯೋಸ್‌ನಲ್ಲಿ ಸೆಕ್ಯೂರ್ ಬೂಟ್ ಆಫ್ ಮಾಡಿದ ಮೇಲೆ ವಿಂಡೋಸ್ 11 ನೀಲಿ ಪರದೆ ತೋರಿಸಿ 48 ಅಂಕಿಯ ಕೀ ಕೇಳುತ್ತಿದೆ. ನಾನು ಯಾವತ್ತೂ ಅಂಥ ಪಾಸ್‌ವರ್ಡ್ ಇಟ್ಟೇ ಇಲ್ಲ!

ನೀವು ಇಟ್ಟಿಲ್ಲ, ವಿಂಡೋಸೇ ಇಟ್ಟಿದೆ. ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆದ ಬಹಳಷ್ಟು ಲ್ಯಾಪ್‌ಟಾಪುಗಳಲ್ಲಿ ಡ್ರೈವ್ ತಾನಾಗಿಯೇ ಬಿಟ್‌ಲಾಕರ್‌ನಿಂದ ಎನ್‌ಕ್ರಿಪ್ಟ್ ಆಗಿರುತ್ತದೆ, 2024ರ 24ಎಚ್2 ಆವೃತ್ತಿಯಿಂದ ಹೊಸದಾಗಿ ವಿಂಡೋಸ್ ಹಾಕಿದ ಯಂತ್ರಗಳಲ್ಲಿ ಇದು ಇನ್ನೂ ಜಾಸ್ತಿ. ಕೀ ಇರುವುದು ಟಿಪಿಎಂ ಚಿಪ್ಪಿನಲ್ಲಿ. ಬೂಟ್ ಆಗುವ ರೀತಿ ಬದಲಾಗಿದೆ ಅಂತ ಚಿಪ್ಪಿಗೆ ಅನ್ನಿಸಿದರೆ ಅದು ಕೀ ಬಿಟ್ಟುಕೊಡುವುದಿಲ್ಲ. ನಿಮ್ಮ ಲ್ಯಾಪ್‌ಟಾಪ್ ಕಳ್ಳನ ಕೈಗೆ ಸಿಕ್ಕಿದ್ದರೆ ನೀವೇ ಇದಕ್ಕೆ ಥ್ಯಾಂಕ್ಸ್ ಹೇಳುತ್ತಿದ್ದಿರಿ.

ಮೊದಲು ಬಯೋಸ್‌ಗೆ ಹೋಗಿ ಬದಲಿಸಿದ್ದನ್ನೆಲ್ಲ ಹಿಂದಿನ ಹಾಗೇ ಮಾಡಿ, ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಆಗದಿದ್ದರೆ ಮೊಬೈಲಿನಿಂದ ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿಗೆ ಹೋಗಿ, ಡಿವೈಸ್‌ಗಳ ಪಟ್ಟಿಯಲ್ಲಿ ರಿಕವರಿ ಕೀ ಇರುತ್ತದೆ. ಲ್ಯಾಪ್‌ಟಾಪನ್ನು ಮೊದಲ ಸಲ ಸೆಟಪ್ ಮಾಡಿಕೊಟ್ಟವರು ತಮ್ಮ ಅಕೌಂಟ್ ಹಾಕಿದ್ದರೆ ಅವರ ಹತ್ತಿರ ಇರುತ್ತದೆ, ಕೇಳಿ. ಎಲ್ಲೂ ಸಿಗದಿದ್ದರೆ ಆ ಡ್ರೈವಿನ ಡೇಟಾ ಸಿಗುವುದಿಲ್ಲ. ಅಂಗಡಿಯವರು ತೆಗೆದುಕೊಡುತ್ತೇವೆ ಅಂದರೂ ನಂಬಬೇಡಿ.

ಪ್ರಶ್ನೆ: ನನಗೆ ಉಲ್ಟಾ. ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಇದೆ, ಒಂದೇ ಒಂದು ಸಾಫ್ಟ್‌ವೇರಿಗಾಗಿ ಹೊರಗಿನ ಎಸ್‌ಎಸ್‌ಡಿಗೆ ವಿಂಡೋಸ್ ಬೇಕು. ಸೆಟಪ್ ಆ ಡಿಸ್ಕಿಗೆ ಇನ್‌ಸ್ಟಾಲ್ ಆಗುವುದಿಲ್ಲ ಅನ್ನುತ್ತಿದೆ.

ಹೌದು, ಯುಎಸ್‌ಬಿಯಲ್ಲಿರುವ ಡಿಸ್ಕಿಗೆ ವಿಂಡೋಸ್ ಸೆಟಪ್ ಇನ್‌ಸ್ಟಾಲ್ ಆಗಲು ಒಪ್ಪುವುದಿಲ್ಲ. ಹಿಂದೆ 2012ರಲ್ಲಿ ವಿಂಡೋಸ್ 8 ಎಂಟರ್‌ಪ್ರೈಸ್ ಜೊತೆ ವಿಂಡೋಸ್ ಟು ಗೋ ಅಂತ ಇದಕ್ಕೇ ಒಂದು ಸೌಲಭ್ಯ ತಂದಿದ್ದರು, 2020ರಲ್ಲಿ ಬಂದ, 2004 ಎಂಬ ಹೆಸರಿನ ವಿಂಡೋಸ್ 10 ಆವೃತ್ತಿಯಲ್ಲಿ ಅದನ್ನು ತೆಗೆದುಹಾಕಿದರು. ರೂಫಸ್ ಇವತ್ತಿಗೂ ಅದೇ ಹೆಸರಿನ ಆಯ್ಕೆ ಕೊಡುತ್ತದೆ: ವಿಂಡೋಸ್ ಐಎಸ್‌ಓ ಆರಿಸಿದಾಗ ಇಮೇಜ್ ಆಪ್ಷನ್‌ನಲ್ಲಿ ಕಾಣುತ್ತದೆ. ರೂಫಸ್ ಓಡುವುದು ವಿಂಡೋಸಿನಲ್ಲಿ ಮಾತ್ರ, ಹಾಗಾಗಿ ಇನ್ನೊಬ್ಬರ ಯಂತ್ರ ಕೇಳಬೇಕಾಗುತ್ತದೆ. ಕೆಲಸ ಮಾಡುತ್ತದೆ, ಆದರೆ ಮೈಕ್ರೋಸಾಫ್ಟ್ ಇದಕ್ಕೆ ಜವಾಬ್ದಾರಿ ಹೊರುವುದಿಲ್ಲ, ದೊಡ್ಡ ಅಪ್‌ಡೇಟುಗಳು ಬಂದಾಗ ಕಿರಿಕ್ ಮಾಡುತ್ತದೆ, ಲೈಸೆನ್ಸ್ ಬೇರೆ ಬೇಕು.

ಒಂದೇ ಸಾಫ್ಟ್‌ವೇರಿಗೆ ಇಷ್ಟು ಒದ್ದಾಡುವುದು ಬೇಡ ಅಂತ ನನ್ನ ಅಭಿಪ್ರಾಯ. ವರ್ಚುವಲ್‌ಬಾಕ್ಸ್ ಹಾಕಿ ಅದರೊಳಗೆ ವಿಂಡೋಸ್ ಓಡಿಸಿ, ಅದರ ಡಿಸ್ಕ್ ಫೈಲನ್ನು ಬೇಕಾದರೆ ಆ ಎಸ್‌ಎಸ್‌ಡಿಯಲ್ಲಿಡಿ. ಗ್ರಾಫಿಕ್ಸ್ ಜಾಸ್ತಿ ಬೇಡುವ ಸಾಫ್ಟ್‌ವೇರ್ ಆದರೆ ಮಾತ್ರ ರೂಫಸ್ ದಾರಿ ಹಿಡಿಯಿರಿ. ಇದೇ ಮಾತು ತಿರುಗಿಸಿ, ಕಾಲೇಜಿನ ಪ್ರೋಗ್ರಾಮಿಂಗ್ ಲ್ಯಾಬಿಗೆ ಲಿನಕ್ಸ್ ಬೇಕು ಅಂತ ಬರೆದ ಇಬ್ಬರಿಗೂ: ನಿಮಗೆ ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ ಸಾಕು, ಡಿಸ್ಕ್ ಬೇಕಾಗಿಯೇ ಇಲ್ಲ.

ಪ್ರಶ್ನೆ: ಮ್ಯಾಕ್‌ನಲ್ಲಿ ಹೊಸ ಮ್ಯಾಕ್ ಓಎಸ್ ಪರೀಕ್ಷಿಸಬೇಕು, ಹಳೆಯದು ಹಾಗೇ ಇರಬೇಕು. ಹೊರಗಿನ ಎಸ್‌ಎಸ್‌ಡಿಗೆ ಹಾಕಬಹುದಾ?

ಹಾಕಬಹುದು, ಮ್ಯಾಕ್‌ನಲ್ಲಿ ಇದು ವಿಂಡೋಸಿಗಿಂತ ಸುಲಭ. ಡಿಸ್ಕ್ ಯುಟಿಲಿಟಿಯಲ್ಲಿ ಡಿಸ್ಕನ್ನು ಎಪಿಎಫ್‌ಎಸ್, ಜಿಯುಐಡಿ ಪಾರ್ಟಿಷನ್ ಮ್ಯಾಪ್ ಅಂತ ಅಳಿಸಿ, ಇನ್‌ಸ್ಟಾಲರಿನಲ್ಲಿ ಷೋ ಆಲ್ ಡಿಸ್ಕ್ಸ್ ಒತ್ತಿ ಅದನ್ನು ಆರಿಸಿ. ಇಂಟೆಲ್ ಮ್ಯಾಕ್ ಆದರೆ ಆನ್ ಮಾಡುವಾಗ ಆಪ್ಷನ್ ಕೀ ಹಿಡಿದುಕೊಳ್ಳಿ, ಆಪಲ್‌ನದೇ ಚಿಪ್ ಇರುವ ಎಂ1 ಮತ್ತು ಆಮೇಲಿನವಾದರೆ ಪವರ್ ಬಟನ್ನನ್ನೇ ಒತ್ತಿ ಹಿಡಿಯಿರಿ, ಡಿಸ್ಕುಗಳ ಪಟ್ಟಿ ಬರುತ್ತದೆ. ಟಿ2 ಚಿಪ್ ಇರುವ ಇಂಟೆಲ್ ಮ್ಯಾಕ್‌ಗಳಲ್ಲಿ ಮೊದಲು ರಿಕವರಿಗೆ ಹೋಗಿ ಸ್ಟಾರ್ಟಪ್ ಸೆಕ್ಯುರಿಟಿ ಯುಟಿಲಿಟಿಯಲ್ಲಿ ಹೊರಗಿನ ಡಿಸ್ಕಿನಿಂದ ಬೂಟ್ ಆಗಲು ಅನುಮತಿ ಕೊಡಬೇಕು.

ಪ್ರಶ್ನೆ: ಈ ಡಿಸ್ಕನ್ನು ಹೊತ್ತುಕೊಂಡು ಹೋಗಿ ಯಾವ ಕಂಪ್ಯೂಟರಿಗೆ ಬೇಕಾದರೂ ಸಿಕ್ಕಿಸಿ ನನ್ನ ಲಿನಕ್ಸ್ ಓಡಿಸಬಹುದಾ?

ಬಹುಮಟ್ಟಿಗೆ ಹೌದು. ಲಿನಕ್ಸ್ ಪ್ರತಿ ಸಲ ಏಳುವಾಗಲೂ ಯಂತ್ರದಲ್ಲಿ ಏನೇನಿದೆ ಅಂತ ಹೊಸದಾಗಿ ನೋಡುತ್ತದೆ, ಡ್ರೈವರುಗಳು ಬಹುಪಾಲು ಕರ್ನಲ್ ಜೊತೆಗೇ ಇರುತ್ತವೆ. ತೊಡಕು ಬರುವುದು ಕೆಲವೇ ಕಡೆ. ಮೇಲೆ ಹೇಳಿದ ರಿಮೂವಬಲ್ ಜಾಗದಲ್ಲಿ ಲೋಡರ್ ಇಲ್ಲದಿದ್ದರೆ ಬೇರೆ ಯಂತ್ರಕ್ಕೆ ಡಿಸ್ಕ್ ಕಂಡರೂ ಬೂಟ್ ಆಗುವುದಿಲ್ಲ. ನಿಮ್ಮ ಯಂತ್ರಕ್ಕಾಗಿ ಎನ್‌ವಿಡಿಯಾ ಕಂಪನಿಯ ಸ್ವಂತ ಡ್ರೈವರ್ ಹಾಕಿಕೊಂಡಿದ್ದರೆ ಬೇರೆ ಗ್ರಾಫಿಕ್ಸ್ ಇರುವ ಕಡೆ ಪರದೆ ಕೈಕೊಡಬಹುದು, ಊರೂರು ಸುತ್ತುವ ಡಿಸ್ಕಿಗೆ ಅದನ್ನು ಹಾಕದಿರುವುದೇ ವಾಸಿ. ಫೆಡೋರಾ ಬಳಸುವವರು ಇನ್ನೊಂದು ಗಮನಿಸಿ, ಅದು ಬೂಟ್‌ಗೆ ಬೇಕಾದ ಡ್ರೈವರುಗಳಲ್ಲಿ ಆಯಾ ಯಂತ್ರಕ್ಕೆ ಬೇಕಾದವನ್ನಷ್ಟೇ ಆರಿಸಿ ಕಟ್ಟಿಕೊಳ್ಳುತ್ತದೆ, ಉಬಂಟು ಹೆಚ್ಚುಕಡಿಮೆ ಎಲ್ಲವನ್ನೂ ಕಟ್ಟಿಕೊಳ್ಳುತ್ತದೆ. ಹಾಗಾಗಿ ಅಲೆದಾಡುವ ಡಿಸ್ಕಿಗೆ ನಾನು ಉಬಂಟು ಅಥವಾ ಮಿಂಟ್ ಅನ್ನುತ್ತೇನೆ. ಎಂ1, ಎಂ2 ಮ್ಯಾಕ್‌ಗಳಲ್ಲಿ ಇದು ನಡೆಯುವುದಿಲ್ಲ, ಅಲ್ಲಿ ಪ್ರೊಸೆಸರೇ ಬೇರೆ ಜಾತಿ.

ಮತ್ತೆ, ಜೇಬಿನಲ್ಲಿ ಹಾಕಿಕೊಂಡು ತಿರುಗುವ ಡಿಸ್ಕು ಕಳೆದುಹೋಗುತ್ತದೆ, ಅಲ್ವಾ? ನಿಮ್ಮ ಪಾಸ್‌ವರ್ಡ್, ಮೇಲ್ ಎಲ್ಲ ಅದರಲ್ಲೇ ಇರುತ್ತವೆ. ಇನ್‌ಸ್ಟಾಲ್ ಮಾಡುವಾಗಲೇ ಎನ್‌ಕ್ರಿಪ್ಷನ್ ಆಯ್ಕೆ ಹಾಕಿ, ಆಮೇಲೆ ಸೇರಿಸುವುದು ಕಷ್ಟ.

ಪ್ರಶ್ನೆ: ಲಿನಕ್ಸ್ ಬಳಸಿ ವಿಂಡೋಸಿಗೆ ವಾಪಸ್ ಬಂದರೆ ಗಡಿಯಾರ ಗಂಟೆಗಟ್ಟಲೆ ತಪ್ಪು ತೋರಿಸುತ್ತದೆ. ಬ್ಯಾಟರಿ ಹೋಗಿದೆಯಾ?

ಬ್ಯಾಟರಿ ಚೆನ್ನಾಗಿದೆ. ಮದರ್‌ಬೋರ್ಡಿನ ಗಡಿಯಾರದಲ್ಲಿ ಸ್ಥಳೀಯ ಸಮಯ ಇದೆ ಅಂತ ವಿಂಡೋಸ್ ಅಂದುಕೊಳ್ಳುತ್ತದೆ, ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಇದೆ ಅಂತ ಲಿನಕ್ಸ್ ಅಂದುಕೊಳ್ಳುತ್ತದೆ. ಲಿನಕ್ಸಿನ ಟರ್ಮಿನಲ್ಲಿನಲ್ಲಿ ಟೈಮ್‌ಡೇಟ್‌ಸಿಟಿಎಲ್ ಕಮಾಂಡಿಗೆ ಸೆಟ್-ಲೋಕಲ್-ಆರ್‌ಟಿಸಿ 1 (timedatectl set-local-rtc 1) ಅಂತ ಕೊಟ್ಟರೆ ಜಗಳ ಮುಗಿಯುತ್ತದೆ.

ಪ್ರಶ್ನೆ: ಆಫೀಸಿನ ಲ್ಯಾಪ್‌ಟಾಪಿಗೆ ಸಿಕ್ಕಿಸಿ ಬಳಸಬಹುದಾ? ಒಳಗಿನದನ್ನು ಮುಟ್ಟುವುದೇ ಇಲ್ಲವಲ್ಲ.

ಐಟಿಯವರನ್ನು ಕೇಳದೆ ಬೇಡ. ಬಹಳ ಆಫೀಸುಗಳಲ್ಲಿ ಬಯೋಸ್‌ಗೆ ಪಾಸ್‌ವರ್ಡ್ ಇರುತ್ತದೆ, ಅದು ಸುಮ್ನೆ ಇಟ್ಟದ್ದಲ್ಲ.

ಪ್ರಶ್ನೆ: ಹೊರಗಿನ ಎಸ್‌ಎಸ್‌ಡಿಯಲ್ಲಿ ಮಿಂಟ್ ಚೆನ್ನಾಗಿ ಓಡುತ್ತಿದೆ, ಆದರೆ ಆಗಾಗ ಮಧ್ಯದಲ್ಲೇ ನಿಂತುಬಿಡುತ್ತದೆ, ಫೈಲ್ ಸೇವ್ ಮಾಡಿದರೆ ರೀಡ್ ಓನ್ಲಿ ಅನ್ನುತ್ತದೆ. ಮುಚ್ಚಳ ಮುಚ್ಚಿ ತೆಗೆದಾಗಲಂತೂ ಸತ್ತೇ ಹೋಗುತ್ತದೆ. ವಿಂಡೋಸಿನಲ್ಲಿ ಅದೇ ಡಿಸ್ಕ್ ಸಿಕ್ಕಿಸಿದರೆ ಫಾರ್ಮ್ಯಾಟ್ ಮಾಡಲಾ ಅಂತ ಬೇರೆ ಕೇಳುತ್ತದೆ.

ಒಂದೊಂದಾಗಿ. ಓಡುತ್ತಿರುವಾಗ ಕ್ಷಣಕಾಲ ಸಂಪರ್ಕ ತಪ್ಪಿದರೂ ಸಿಸ್ಟಮ್ಮಿಗೆ ಕಾಲ ಕೆಳಗಿನ ನೆಲವೇ ಹೋದ ಹಾಗೆ, ಇನ್ನಷ್ಟು ಹಾಳಾಗದಿರಲಿ ಅಂತ ಅದು ಬರೆಯುವುದನ್ನೇ ನಿಲ್ಲಿಸುತ್ತದೆ, ನಿಮಗೆ ಕಾಣುವ ರೀಡ್ ಓನ್ಲಿ ಅದೇ. ಮೊದಲು ಕೇಬಲ್ ಬದಲಿಸಿ, ಉದ್ದ ಕೇಬಲ್ ಬೇಡ, ಗಿಡ್ಡದು ಒಳ್ಳೆಯದು. ಬೇರೆ ಪೋರ್ಟಿಗೆ ಹಾಕಿ ನೋಡಿ. ಯುಎಸ್‌ಬಿ 2.0 ಪೋರ್ಟ್ 500 ಮಿಲಿಆಂಪ್, 3.0 ಪೋರ್ಟ್ 900 ಮಿಲಿಆಂಪ್ ಕೊಡಬೇಕು ಅನ್ನುವುದು ಲೆಕ್ಕ, ಕೆಲವು ಡಿಸ್ಕುಗಳಿಗೆ ಮೊದಲನೆಯದು ಸಾಲುವುದಿಲ್ಲ. ಹೀಗೆ ನಿಂತ ಮೇಲೆ ಮತ್ತೆ ಅದರಿಂದಲೇ ಬೂಟ್ ಮಾಡುವ ಬದಲು ಲೈವ್ ಪೆನ್‌ಡ್ರೈವಿನಿಂದ ಎದ್ದು ಆ ಪಾರ್ಟಿಷನ್ ಮೇಲೆ ಜಿಪಾರ್ಟೆಡ್‌ನ ಚೆಕ್ ಓಡಿಸಿ.

ಮುಚ್ಚಳ ಮುಚ್ಚಿದಾಗ ಲ್ಯಾಪ್‌ಟಾಪ್ ಸಸ್ಪೆಂಡ್ ಆಗುತ್ತದೆ, ಆಗ ಕೆಲವು ಯಂತ್ರಗಳು ಯುಎಸ್‌ಬಿಯ ಕರೆಂಟನ್ನೇ ಕಡಿಯುತ್ತವೆ, ಎಚ್ಚರವಾದಾಗ ಡಿಸ್ಕ್ ಹೊಸದಾಗಿ ಬಂದ ಹಾಗೆ ಕಾಣುತ್ತದೆ. ಪವರ್ ಸೆಟಿಂಗ್‌ನಲ್ಲಿ ಮುಚ್ಚಳ ಮುಚ್ಚಿದರೆ ಏನೂ ಮಾಡಬೇಡ ಅಂತ ಇಡಿ, ಎದ್ದು ಹೋಗುವಾಗ ಪೂರ್ತಿ ಶಟ್‌ಡೌನ್ ಮಾಡಿ. ಹೈಬರ್ನೇಟ್ ಆಸೆ ಬಿಟ್ಟುಬಿಡಿ.

ಇನ್ನು ವಿಂಡೋಸ್ ಕೇಳುವ ಫಾರ್ಮ್ಯಾಟ್ ಪ್ರಶ್ನೆ. ಎಕ್ಸ್‌ಟಿ4 ಅಂದರೆ ಏನೆಂದು ಅದಕ್ಕೆ ಗೊತ್ತಿಲ್ಲ, ಹಾಗಾಗಿ ಡಿಸ್ಕ್ ಕೆಟ್ಟಿದೆ ಅಂದುಕೊಂಡು ಕೆಲವೊಮ್ಮೆ ಹಾಗೆ ಕೇಳುತ್ತದೆ. ಕ್ಯಾನ್ಸಲ್ ಒತ್ತಿ. ಮನೆಯಲ್ಲಿ ಇನ್ನೂ ಯಾರಾದರೂ ಆ ಲ್ಯಾಪ್‌ಟಾಪ್ ಬಳಸುತ್ತಾರಾದರೆ ಅವರಿಗೂ ಹೇಳಿಡಿ, ಅಥವಾ ವಿಂಡೋಸ್ ಓಡುವಾಗ ಡಿಸ್ಕನ್ನು ಸಿಕ್ಕಿಸಲೇಬೇಡಿ.